ಇಂದಿನ ಧಮ್ಮ ಚಿಂತನೆ: ಹೇಳಿ ಹೋಗಿದ್ದೆ, ಕೇಳಿ ಹೋಗಿರಲಿಲ್ಲ



ನಾನು ನೇಪಾಳದಿಂದ ಬಂದು ಹತ್ತು ದಿನವಾಯಿತು. "ಮೇಷ್ಟ್ರೇ, ಲುಂಬಿನಿ ಬಗ್ಗೆ ಯಾವಾಗ ಬರೀತೀರಿ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಇವತ್ತಿನ ಸರದಿ ನನ್ನದು. ಲುಂಬಿನಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಆದರೆ ಈ ಪ್ರಯಾಣದ ಪಾಠ ನನಗೆ ಅಲ್ಲಿ ಸಿಗಲಿಲ್ಲ, ನಮ್ಮ ಮನೆಯ ನಡುಮನೆಯಲ್ಲಿ ಸಿಕ್ಕಿತು. ಹೇಳಿಕೊಳ್ಳಲು ಸಂಕೋಚವಿದೆ. ಬಳಗದಲ್ಲೇ ಸಂಕೋಚಪಟ್ಟರೆ ಇನ್ನೆಲ್ಲಿ ಹೇಳುವುದು?

ಬೇಸಿಗೆ ರಜೆ ಶುರುವಾದ ಮಾರನೆಯ ದಿನ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟವನು 40 ದಿನ ತಿರುಗಿದೆ. ರೈಲಿನಲ್ಲಿ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ. ಗಡಿಯ ಕಮಾನನ್ನು ನಡೆದೇ ದಾಟಿದೆ. ನಮಗೆ ಅಲ್ಲಿ ವೀಸಾ ಬೇಕಿಲ್ಲ. ಆಚೆ ಕಾಲಿಟ್ಟ ಮೇಲೆ ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ನಮ್ಮ 100 ರೂಪಾಯಿ ಅಲ್ಲಿ 160 ರೂಪಾಯಿ. ಮೊದಲು ಬಯಲಿನಲ್ಲಿ ಲುಂಬಿನಿ, ತಿಲೌರಾಕೋಟ್. ಆಮೇಲೆ ಬೆಟ್ಟ ಹತ್ತಿ ತಾನ್ಸೇನ್, ಪೋಖರಾ, ಕಠ್ಮಂಡು. ಎಲ್ಲೂ ದೊಡ್ಡ ಹೋಟೆಲಿಲ್ಲ. ವಿಹಾರಗಳ ಕೊಠಡಿ, ಬೇಳೆಸಾರು ಅನ್ನ, ಲಡಾಸು ಬಸ್ಸು. ನಲವತ್ತೈದು ದಾಟಿದ ಮೇಲೂ ಹೀಗೆ ತಿರುಗಬಲ್ಲೆ ಎಂಬ ಒಂದು ಸಣ್ಣ ಜಂಬವೂ ಚೀಲದಲ್ಲಿತ್ತು.

ಲುಂಬಿನಿಯ ಮಾಯಾದೇವಿ ಮಂದಿರದ ಪಕ್ಕದಲ್ಲಿ ಅಶೋಕನ ಕಂಬವಿದೆ. ಪಟ್ಟಕ್ಕೆ ಬಂದು 20 ವರ್ಷವಾದ ಮೇಲೆ ತಾನೇ ಇಲ್ಲಿಗೆ ಬಂದು ಗೌರವ ಸಲ್ಲಿಸಿದೆನೆಂದೂ, ಬುದ್ಧ ಹುಟ್ಟಿದ ಊರಾದ್ದರಿಂದ ಇದರ ಕಂದಾಯವನ್ನು ಇಳಿಸಿದೆನೆಂದೂ ಅರಸ ಅದರ ಮೇಲೆ ಬ್ರಾಹ್ಮಿಯಲ್ಲಿ ಕೊರೆಸಿದ್ದಾನೆ. ಯಾತ್ರೆಗೆ ಬಂದವನು ಊರಿನವರ ಹೊರೆ ಇಳಿಸಿ ಹೋದ. ಆ ಕಂಬದ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ನಾನು ಯಾತ್ರೆಗೆ ಹೊರಟು ಯಾರ ಮೇಲೆ ಹೊರೆ ಹೊರಿಸಿ ಬಂದಿದ್ದೇನೆ ಎಂಬ ಪ್ರಶ್ನೆ ಆಗ ಹುಟ್ಟಲಿಲ್ಲ.

ಲುಂಬಿನಿಯಿಂದ ಪಶ್ಚಿಮಕ್ಕೆ ಸುಮಾರು 27 ಕಿಲೋಮೀಟರ್ ದೂರದಲ್ಲಿ ತಿಲೌರಾಕೋಟ್. ಶಾಕ್ಯರ ಕಪಿಲವಸ್ತು ಇದೇ ಎಂದು ನೇಪಾಳದವರು ಹೇಳುತ್ತಾರೆ. ಉತ್ತರ ಪ್ರದೇಶದ ಪಿಪ್ರಹ್ವಾ ಎನ್ನುವವರೂ ಇದ್ದಾರೆ. ತಿಲೌರಾಕೋಟದ ದಕ್ಷಿಣಕ್ಕೆ ಕುದಾನ್ ಎಂಬ ಜಾಗವಿದೆ. ಇಟ್ಟಿಗೆಯ ದಿಬ್ಬಗಳು, ಹುಲ್ಲು, ಒಂದು ಕೆರೆ. ಜ್ಞಾನೋದಯದ ನಂತರ ಬುದ್ಧ ತನ್ನ ಊರಿಗೆ ಮರಳಿದಾಗ ಉಳಿದುಕೊಂಡ ನಿಗ್ರೋಧಾರಾಮ ಇದೇ ಎಂಬ ನಂಬಿಕೆ. ನನ್ನ ಪ್ರಯಾಣದ 12ನೆಯ ದಿನ ಸಂಜೆ ಅಲ್ಲಿದ್ದೆ. ಬಿಸಿಗಾಳಿ ಇಳಿದಿತ್ತು. ಸುತ್ತ ಯಾರೂ ಇರಲಿಲ್ಲ.

ಅಲ್ಲಿ ನಡೆದ ಕತೆ ನಿಮಗೆ ಗೊತ್ತಿದೆ. ಆದರೂ ನೆನಪಿಸುತ್ತೇನೆ. ಬಿಟ್ಟುಹೋದ ಮಗ ಏಳು ವರ್ಷದ ಮೇಲೆ ಬಂದಿದ್ದಾನೆ. ಊರೆಲ್ಲ ನೋಡಲು ಬಂದರೂ ಯಶೋಧರೆ ಬರಲಿಲ್ಲ. ನನ್ನಲ್ಲಿ ಗುಣವಿದ್ದರೆ ಅವರೇ ಬರುತ್ತಾರೆ ಎಂದು ಒಳಗೇ ಉಳಿದಳು. ಬುದ್ಧನೇ ಅವಳಿದ್ದಲ್ಲಿಗೆ ಹೋದ. ಆಮೇಲೆ ರಾಹುಲ ಬಂದು ನನ್ನ ಪಾಲು ಕೊಡಿ ಎಂದು ಹಿಂದೆ ಬಿದ್ದ. ಬುದ್ಧನ ಮಾತಿನಂತೆ ಸಾರಿಪುತ್ತರು ಆ ಬಾಲಕನಿಗೆ ದೀಕ್ಷೆ ಕೊಟ್ಟರು. ಮುದುಕ ಶುದ್ಧೋದನನಿಗೆ ತಡೆಯಲಾಗಲಿಲ್ಲ. ಮೊದಲು ನೀನು ಹೋದೆ, ನಂದ ಹೋದ, ಈಗ ಮೊಮ್ಮಗನೂ ಹೋದ, ಈ ನೋವು ಮೂಳೆಯ ಒಳಗಿಳಿಯುತ್ತದೆ, ಇನ್ನು ಮುಂದಾದರೂ ತಾಯಿತಂದೆಯನ್ನು ಕೇಳದೆ ಮಕ್ಕಳಿಗೆ ದೀಕ್ಷೆ ಕೊಡಬೇಡಿ ಎಂದು ಬೇಡಿಕೊಂಡ.

ಬುದ್ಧ ವಾದ ಮಾಡಲಿಲ್ಲ. ಸಂಸಾರ ದುಃಖಮಯ ಎಂದು ಅಪ್ಪನಿಗೆ ಪಾಠ ಹೇಳಿ ಬಾಯಿ ಮುಚ್ಚಿಸಲಿಲ್ಲ. ಕೇಳಿಸಿಕೊಂಡ. ಸಂಘಕ್ಕೆ ಹೊಸ ನಿಯಮ ಮಾಡಿದ. ಇಂದಿಗೂ ಉಪಸಂಪದೆಯ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು, ತಾಯಿತಂದೆಯ ಅನುಮತಿ ಇದೆಯೇ ಎಂಬುದು. ಒಬ್ಬ ತಂದೆಯ ಅಳು ವಿನಯದ ನಿಯಮವಾಗಿ ಉಳಿದಿದೆ.

ಆ ಸಂಜೆ ದಿಬ್ಬದ ಮೇಲೆ ಕೂತು ಈ ಕತೆಯನ್ನೆಲ್ಲ ಹೆಂಡತಿಗೆ ಫೋನಿನಲ್ಲಿ ಹೇಳಿದೆ. ಸುಮಾರು ಇಪ್ಪತ್ತು ನಿಮಿಷ ಮಾತಾಡಿರಬೇಕು. ಅವಳು ಹ್ಞೂ, ಹ್ಞೂ ಎನ್ನುತ್ತಿದ್ದಳು. ಸಿಗ್ನಲ್ ಹೋಯಿತು. ಒಳ್ಳೆಯ ದಿನ ಎಂದು ಡೈರಿಯಲ್ಲಿ ಬರೆದುಕೊಂಡೆ.

40ನೆಯ ದಿನ ಮಧ್ಯಾಹ್ನ ಮನೆ ತಲುಪಿದೆ. ಬಾಗಿಲು ತೆಗೆದದ್ದು ಮಗಳು. ಹೆಂಡತಿ ಅಡುಗೆಮನೆಯಿಂದ ಈಚೆ ಬರಲಿಲ್ಲ. ನಡುಮನೆಯ ಮಂಚದ ಮೇಲೆ ಅವ್ವ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ನನ್ನನ್ನು ನೋಡಿ ಅವಳು ಕೇಳಿದ್ದು ಒಂದೇ ಮಾತು: "ಬಂದ್ಯಾ ಮಗಾ? ಉಂಡ್ಯಾ?"

ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಳಂತೆ. ಮಣಿಕಟ್ಟಿನ ಮೂಳೆ ಮುರಿದಿತ್ತು. ಹೆಂಡತಿ ಒಬ್ಬಳೇ ಆಟೊ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ. ಅವತ್ತಿನಿಂದ ಸ್ನಾನ, ತಲೆ ಬಾಚುವುದು ಎಲ್ಲವೂ ಅವಳದ್ದೇ. ಎಡಗೈಲಿ ಉಣ್ಣಲು ಅವ್ವ ಒಪ್ಪದ್ದರಿಂದ ಮಗಳು ತುತ್ತು ಕೊಟ್ಟು ಉಣ್ಣಿಸಿದ್ದಾಳೆ. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅಡುಗೆಮನೆಗೆ ಹೋಗಿ "ಯಾಕೆ ಹೇಳಲಿಲ್ಲ?" ಎಂದು ಜೋರು ಮಾಡಿದೆ.

ಅವಳು ಮುದ್ದೆ ತಿರುವುತ್ತಲೇ ಹೇಳಿದಳು, "ನೀವು ಕೇಳಲಿಲ್ಲ."

"ದಿನಾ ಫೋನ್ ಮಾಡಿ ಎಲ್ಲಾ ಚೆನ್ನಾಗಿದ್ದೀರಾ ಅಂತ ಕೇಳ್ತಿದ್ನಲ್ಲ!"

"ಕೇಳ್ತಿದ್ರಿ. ನಾನು ಬಾಯಿ ತೆರೆಯೋ ಹೊತ್ತಿಗೆ, ಇವತ್ತು ಏನು ನೋಡ್ದೆ ಗೊತ್ತಾ ಅಂತ ಶುರು ಮಾಡ್ತಿದ್ರಿ."

ಬಿದ್ದದ್ದು ಯಾವತ್ತು ಎಂದು ಕೇಳಿ ಡೈರಿ ತೆಗೆದು ನೋಡಿದೆ. 12ನೆಯ ದಿನ. ಆಸ್ಪತ್ರೆಯಿಂದ ಅವ್ವನನ್ನು ಕರೆತಂದು ಮಲಗಿಸಿ, ಔಷಧಿ ಚೀಟಿ ಕೈಯಲ್ಲಿ ಹಿಡಿದುಕೊಂಡು, ಅವಳು ನನ್ನ ಬಾಯಿಂದ ಶುದ್ಧೋದನನ ದುಃಖದ ಕತೆ ಕೇಳುತ್ತಿದ್ದಳು.

ಬಂಧುಗಳೇ, ಕನ್ನಡದಲ್ಲಿ ಒಂದು ಮಾತಿದೆ: ಹೇಳದೆ ಕೇಳದೆ ಹೋದ. ದಿನಾ ಬಳಸುತ್ತೇವೆ. ಅದರಲ್ಲಿ ಎರಡು ಕೆಲಸಗಳಿವೆ ಎಂದು ಕನ್ನಡ ಎಂ.ಎ. ಮಾಡಿದ ನನಗೂ ಹೊಳೆದಿರಲಿಲ್ಲ. ನಾನು ಹೇಳಿ ಹೋಗಿದ್ದೆ. ಕೇಳಿ ಹೋಗಿರಲಿಲ್ಲ. ವಿದೇಶಕ್ಕೆ ಹೋಗಲು ಇಲಾಖೆಗೆ ಅರ್ಜಿ ಬರೆದು ಅನುಮತಿ ಕೇಳಿದ್ದೆ. ಮನೆಯಲ್ಲಿ ಮಾತ್ರ ಟಿಕೆಟ್ ಆದ ಮೇಲೆ ವಿಷಯ ತಿಳಿಸಿದ್ದೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ನಡುರಾತ್ರಿ ಕದ್ದು ಹೊರಟ ಸಿದ್ಧಾರ್ಥನ ಕತೆಯನ್ನು ಒಪ್ಪುವುದಿಲ್ಲ. ಅವರ ಸಿದ್ಧಾರ್ಥ ರೋಹಿಣಿ ನದಿಯ ನೀರಿನ ಜಗಳದಲ್ಲಿ ಯುದ್ಧ ಬೇಡವೆಂದು ನಿಂತು, ಅದರ ಫಲವಾಗಿ ಮನೆ ಬಿಡುತ್ತಾನೆ. ಬಿಡುವ ಮುನ್ನ ತಾಯಿತಂದೆಯ ಮುಂದೆ ಕೂರುತ್ತಾನೆ, ಯಶೋಧರೆಯ ಮುಂದೆ ನಿಂತು ಅವಳ ಮನಸ್ಸು ತಿಳಿಯುತ್ತಾನೆ. ಈ ಅಧ್ಯಾಯವನ್ನು ನಾನೇ ಬಳಗದಲ್ಲಿ ಎರಡು ಸಲ ಓದಿಸಿದ್ದೇನೆ. ಅರ್ಥ ಹೇಳುವುದು ಬಂದಿತ್ತು.

ಸಿಗಾಲೋವಾದ ಸುತ್ತವನ್ನೂ ನೆನೆಯಿರಿ. ಆರು ದಿಕ್ಕಿಗೆ ಬರೀ ಕೈಮುಗಿಯುತ್ತಿದ್ದ ಯುವಕನಿಗೆ ಬುದ್ಧ ದಿಕ್ಕುಗಳ ಅರ್ಥ ಹೇಳಿಕೊಡುತ್ತಾನೆ. ಪೂರ್ವವೆಂದರೆ ತಾಯಿತಂದೆ. ಪಶ್ಚಿಮವೆಂದರೆ ಹೆಂಡತಿ ಮಕ್ಕಳು. ನಾನು 40 ದಿನ ನಕಾಶೆ ಹಿಡಿದು ಉತ್ತರಕ್ಕೆ ನಡೆದೆ. ಈ ಎರಡು ದಿಕ್ಕು ನನ್ನ ನಕಾಶೆಯಲ್ಲಿ ಇರಲಿಲ್ಲ.

ಹಾಗಾದರೆ ಪ್ರಯಾಣ ತಪ್ಪೇ? ಅಲ್ಲ. ಬುದ್ಧನೇ ಜೀವನವಿಡೀ ನಡೆದವನು. ಲುಂಬಿನಿಗೆ ನೀವೂ ಹೋಗಿ ಬನ್ನಿ. ಆದರೆ ಅಲ್ಲಿಂದ ಏನು ತಂದೆ ಎಂಬುದಕ್ಕೆ ಫೋಟೊಗಳು ಉತ್ತರವಲ್ಲ. ಮರಳಿ ಬಂದವನು ಮನೆಯವರ ಮಾತನ್ನು ಎಷ್ಟು ಕೇಳಿಸಿಕೊಂಡ, ಕೇಳಿಸಿಕೊಂಡು ಏನನ್ನು ಬದಲಿಸಿದ, ಅದು ಉತ್ತರ. ಸಮ್ಮಾ ವಾಚಾ ಎಂದರೆ ಒಳ್ಳೆಯ ಮಾತಾಡುವುದು ಎಂದಷ್ಟೇ ತಿಳಿದಿದ್ದೆ. ಇನ್ನೊಬ್ಬರ ಮಾತಿಗೆ ಜಾಗ ಬಿಡುವುದೂ ಅದರಲ್ಲಿ ಸೇರಿದೆ.

ಈಗ ಬೆಳಿಗ್ಗೆ ಅವ್ವನ ತಲೆ ಬಾಚುವುದು ನನ್ನ ಕೆಲಸ. ಸಿಕ್ಕು ಬಿಡಿಸಲು ಬರುವುದಿಲ್ಲವೆಂದು ಬೈಯುತ್ತಾಳೆ. ಕೇಳಿಸಿಕೊಳ್ಳುತ್ತೇನೆ. ಮೊನ್ನೆ ಹೆಂಡತಿಯ ಹತ್ತಿರ, "ನಿನಗೆ ಎಲ್ಲಿಗಾದರೂ ಹೋಗಬೇಕು ಅಂತ ಇದೆಯಾ?" ಎಂದು ಕೇಳಿದೆ. ಮದುವೆಯಾಗಿ ಹದಿನೇಳು ವರ್ಷಕ್ಕೆ ಮೊದಲ ಸಲ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಯೋಚನೆ ಮಾಡಿ ಹೇಳ್ತೀನಿ" ಎಂದಳು. ಇನ್ನೂ ಹೇಳಿಲ್ಲ. ಕಾಯುತ್ತಿದ್ದೇನೆ.

ಇಂದಿನ ಅಭ್ಯಾಸ: ಮನೆಯಲ್ಲಿ ಒಬ್ಬರನ್ನು, ಹೇಗಿದ್ದೀರಿ ಎಂದು ಕೇಳೋಣ. ಕೇಳಿದ ಮೇಲೆ ಸುಮ್ಮನಿರೋಣ. ಉತ್ತರ ಬರುವವರೆಗೂ ಸುಮ್ಮನಿರೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.