ಗಿಳಿ ಯಾಕೆ ಪುಕ್ಕ ಕಿತ್ತುಕೊಳ್ಳುತ್ತೆ?

2022ರ ಜುಲೈನಲ್ಲಿ ತುಮಕೂರಿನ ಗೋಡೆಗಳ ಮೇಲೆ ಒಂದು ಪೋಸ್ಟರ್ ಬಿತ್ತು. ಸಾಕಿದ ಆಫ್ರಿಕನ್ ಗ್ರೇ ಗಿಳಿ ಕಾಣೆಯಾಗಿದೆ, ಹುಡುಕಿಕೊಟ್ಟವರಿಗೆ 50,000 ರೂಪಾಯಿ ಬಹುಮಾನ. ಕೆಲವೇ ದಿನಕ್ಕೆ ಗಿಳಿ ಸಿಕ್ಕಿತು. ಮನೆಯವರು ಖುಷಿಗೆ ಹೇಳಿದ್ದಕ್ಕಿಂತ ಜಾಸ್ತಿ, 85,000 ಕೊಟ್ಟರು. ಸುದ್ದಿ ದೇಶವೆಲ್ಲ ಓಡಾಡಿತು. ನಮ್ಮ ಆಫೀಸಲ್ಲಿ ಊಟದ ಹೊತ್ತಿಗೆ ಎರಡು ದಿನ ಇದೇ ಮಾತು. "ನಾನು ಕಳೆದುಹೋದ್ರೆ ನಮ್ಮ ಮನೇಲಿ ಇಷ್ಟು ಕೊಡಲ್ಲ ಗುರೂ" ಅಂತ ಒಬ್ಬ. ಎಲ್ಲರೂ ನಕ್ಕೆವು.

ನನ್ನ ತಲೆಯಲ್ಲಿ ಉಳಿದಿದ್ದು ದುಡ್ಡಲ್ಲ, 'ತಪ್ಪಿಸಿಕೊಂಡಿದೆ' ಅನ್ನೋ ಪದ. ಜಾತ್ರೆಯಲ್ಲಿ ಮಗು ತಪ್ಪಿಸಿಕೊಳ್ಳುತ್ತೆ. ಜೈಲಿನಿಂದ ಕೈದಿಯೂ ತಪ್ಪಿಸಿಕೊಳ್ಳುತ್ತಾನೆ. ಒಂದು ಕಡೆ ಅಯ್ಯೋ ಅನ್ನುತ್ತೇವೆ, ಇನ್ನೊಂದು ಕಡೆ ಹಿಡೀರಿ ಅನ್ನುತ್ತೇವೆ. ಮನೆಯಲ್ಲಿ ಸಾಕಿದ ಗಿಳಿ ಹಾರಿಹೋದರೆ ಅದು ಇವೆರಡರಲ್ಲಿ ಯಾವುದು? ಆ ಮನೆಯವರ ಪ್ರೀತಿಯ ಬಗ್ಗೆ ನನಗೆ ಒಂದಿಷ್ಟೂ ಅನುಮಾನ ಇಲ್ಲ. ಪ್ರೀತಿ ಇದ್ದರೆ ಸಾಕಾ ಅನ್ನೋದು ನನ್ನ ಪ್ರಶ್ನೆ.

ಇದು ಓದಿ ತಿಳಿದ ಪ್ರಶ್ನೆಯೂ ಅಲ್ಲ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ದಾರಿಯಲ್ಲಿ ನಮ್ಮ ದೊಡ್ಡಪ್ಪನ ಮನೆ ಇದೆ. ಆರು ಎಕರೆ ಕಾಫಿ, ಒಂದಿಷ್ಟು ಮೆಣಸು, ಇಬ್ಬರೇ ಜನ. ಮಗ ಹೊರದೇಶದಲ್ಲಿ, ಮಗಳು ಮೈಸೂರಿನಲ್ಲಿ. ಮಗ ಒಮ್ಮೆ ರಜೆಗೆ ಬಂದವನು "ಮನೆ ಬಿಕೋ ಅನ್ನುತ್ತೆ, ಮಾತಾಡೋಕಾದ್ರೂ ಒಂದು ಜೀವ ಇರಲಿ" ಅಂತ ಬೆಂಗಳೂರಿನಿಂದ ಒಂದು ಗ್ರೇ ಮರಿ ತಂದು ಕೊಟ್ಟುಹೋದ. ಬೂದಿ ಬಣ್ಣ, ಕೆಂಪು ಬಾಲ, ಹಳದಿ ಕಣ್ಣು. ನಮ್ಮ ಜನರೇಶನ್ನಿನವರು ಅಪ್ಪ ಅಮ್ಮನಿಗೆ ಏನೇನೋ ಕೊಡಿಸುತ್ತೇವೆ, ಸ್ಮಾರ್ಟ್ ಟಿವಿ, ಇನ್ವರ್ಟರ್, ಬಿಪಿ ಮಿಷನ್ನು. ನಾವು ಕೊಡಲಾಗದ ಮಾತನ್ನು ಕೊಡಲು ಅವನು ಒಂದು ಹಕ್ಕಿಯನ್ನು ತಂದಿದ್ದ. ಅವನನ್ನು ಬೈಯಲು ನನಗೆ ಬಾಯಿಲ್ಲ, ನಾನು ತಿಂಗಳಿಗೊಮ್ಮೆ ಊರಿಗೆ ಹೋಗೋದೇ ಹೆಚ್ಚು.

ಆ ಮನೆಯ ಜಗಲಿಯಲ್ಲಿ ನಿಂತರೆ ಗಿಳಿಗಳಿಗೆ ಬರ ಇಲ್ಲ. ಹಾಲುವಾಣದ ಮರ ಹೂಬಿಟ್ಟಾಗ ಕಿರುಚಾಟವೇ ಕಿರುಚಾಟ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ನೀಲಿ ರೆಕ್ಕೆಯ ಗಿಳಿ, ಕೆನ್ನೇರಳೆ ತಲೆಯ ಗಿಳಿ, ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿಕೊಂಡು ಮಲಗುವ ಗುಬ್ಬಿ ಗಾತ್ರದ ಪುಟ್ಟ ಗಿಳಿ. ಇವುಗಳಲ್ಲಿ ಒಂದನ್ನು ಹಿಡಿದು ಪಂಜರಕ್ಕೆ ಹಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಮುದ್ರದಾಚೆಯ ಘಾನಾ, ಕ್ಯಾಮರೂನ್, ಕಾಂಗೋ ಕಾಡಿನ ಗಿಳಿಯನ್ನು ಇಟ್ಟುಕೊಳ್ಳಬಹುದು, 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಆಯಿತು. ಕಾನೂನಿಗೆ ಅದರದ್ದೇ ಲೆಕ್ಕ ಇದೆ, ತಪ್ಪು ಅನ್ನಲಾರೆ. ಆದರೆ ಪಂಜರದೊಳಗಿನ ಹಕ್ಕಿಗೆ ತಾನು ಯಾವ ಶೆಡ್ಯೂಲು ಅಂತ ಗೊತ್ತಿರುವುದಿಲ್ಲ.

"ಇದು ಕಾಡಿಂದ ಹಿಡಿದಿದ್ದಲ್ಲ, ಇಲ್ಲೇ ಮರಿ ಮಾಡಿಸಿದ್ದು" ಅಂತ ಸಾಕುವವರು ಹೇಳುತ್ತಾರೆ. ಬಹಳಷ್ಟು ಸಲ ಅದು ನಿಜವೂ ಹೌದು. 1982ರಿಂದ 2001ರವರೆಗೆ ಲೆಕ್ಕಕ್ಕೆ ಸಿಕ್ಕ ಹಾಗೆ 13 ಲಕ್ಷಕ್ಕೂ ಹೆಚ್ಚು ಗ್ರೇ ಗಿಳಿಗಳು ಕಾಡಿನಿಂದ ಹಿಡಿದು ಮಾರಾಟವಾದವು. ಘಾನಾದಲ್ಲಿ 1992ರಿಂದೀಚೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ದೇಶಗಳೆಲ್ಲ ಸೇರಿ ಕಾಡಿನ ಗ್ರೇ ಗಿಳಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಲ್ಲಿಸಿದವು. ಇವತ್ತಿನ ಮರಿ ಆ ಲೆಕ್ಕದ ಹೊರಗಿದ್ದರೂ ಅದರ ಅಜ್ಜ ಮುತ್ತಜ್ಜ ಒಳಗೇ ಇದ್ದರು. ಇನ್ನೊಂದು ಮಾತು, ನಾಯಿ ನಮ್ಮ ಜೊತೆ ಬದುಕೋಕೆ ಶುರುಮಾಡಿ 10,000 ವರ್ಷಕ್ಕೂ ಹೆಚ್ಚಾಯಿತು. ಈ ಗಿಳಿ ಪಂಜರದಲ್ಲಿ ಹುಟ್ಟೋಕೆ ಶುರುವಾಗಿ ಕೆಲವು ತಲೆಮಾರು. ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅದು ಮನೆಯ ಪ್ರಾಣಿ ಆಗೋದಿಲ್ಲ. ಅದರ ಮೈಯೊಳಗೆ ದಿನಕ್ಕೆ ಹತ್ತಾರು ಕಿಲೋಮೀಟರ್ ಹಾರುವ, ನೂರಾರು ಗೆಳೆಯರ ಜೊತೆ ಮರ ಹಂಚಿಕೊಳ್ಳುವ ಹಕ್ಕಿಯೇ ಕೂತಿದೆ.

ಈಗ ಆರೈಕೆಯ ವಿಷಯ. ಇಲ್ಲಿ ದೊಡ್ಡಮ್ಮನಿಗೆ ಫುಲ್ ಮಾರ್ಕ್ಸ್ ಕೊಡಬೇಕು. ಮಲೆನಾಡು ಈ ಹಕ್ಕಿಗೆ ಸುಲಭದ ಜಾಗ ಅಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿಯಿತು ಅಂದ್ರೆ ಬಟ್ಟೆ, ಚಪ್ಪಲಿ, ಬಾಗಿಲು ಎಲ್ಲಕ್ಕೂ ಬೂಷ್ಟು. ಗಿಳಿಯ ಕಾಳಿಗೂ ಬೂಷ್ಟು. ನಮ್ಮ ಕಣ್ಣಿಗೆ ಕಾಣದ ಆ ಪುಡಿ ಗಿಳಿಯ ಶ್ವಾಸಕೋಶಕ್ಕೆ ಹೋದರೆ ಆಸ್ಪರ್ಜಿಲೋಸಿಸ್ ಅನ್ನುವ ರೋಗ ಬರುತ್ತೆ, ಗ್ರೇ ಗಿಳಿಗಳು ಅದಕ್ಕೆ ಬೇಗ ಬಲಿಯಾಗುತ್ತವೆ. ದೊಡ್ಡಮ್ಮ ವಾರಕ್ಕೆ ಆಗುವಷ್ಟೇ ಕಾಳು ತರಿಸಿ, ಅಕ್ಕಿ ಹುರಿಯುವ ಹಾಗೆ ಬೆಚ್ಚಗೆ ಮಾಡಿ, ಗಾಜಿನ ಡಬ್ಬಿಗೆ ಹಾಕಿಡುತ್ತಾರೆ. ಪಂಜರವನ್ನು ಬಚ್ಚಲ ಒಲೆಯ ಹೊಗೆ ಬಾರದ ಕೋಣೆಗೆ ಸಾಗಿಸಿದ್ದಾರೆ.

ಬಿಸಿಲು ಇನ್ನೊಂದು ತಲೆನೋವು. ಈ ಜಾತಿಯ ಗಿಳಿಗಳಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರೋದು ಇದೆ. ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು, ಅದಕ್ಕೆ ಬಿಸಿಲು ಬೇಕು. ಕಿಟಕಿ ಗಾಜಿನಿಂದ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜೇ ತಡೆಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ರಜೆ ಹಾಕುವ ಊರಲ್ಲಿ ಏನು ಮಾಡೋದು? ಅದಕ್ಕೆ ಅಂತಲೇ ಇರುವ ಯುವಿ ದೀಪ ತರಿಸಿದರು. ಕರೆಂಟ್ ಇದ್ದಾಗ ಉರಿಯುತ್ತೆ.

ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕೋದು ಅಂದ್ರೆ ಮಗುವಿಗೆ ಮೂರು ಹೊತ್ತೂ ಚಿಪ್ಸ್ ಕೊಟ್ಟ ಹಾಗೆ. ಕೊಬ್ಬು ಜಾಸ್ತಿ, ವಿಟಮಿನ್ ಎ ಇಲ್ಲ. ನುಗ್ಗೆ ಸೊಪ್ಪು, ಸಿಹಿಗುಂಬಳ, ಪಪ್ಪಾಯಿ, ಕ್ಯಾರೆಟ್ ಎಲ್ಲ ಹಿತ್ತಲಲ್ಲೇ ಇವೆ. ಹಸಿಮೆಣಸಿನಕಾಯಿಯನ್ನಂತೂ ಪೆಪ್ಪರ್‌ಮಿಂಟಿನ ಹಾಗೆ ತಿನ್ನುತ್ತೆ, ಹಕ್ಕಿಗಳಿಗೆ ಖಾರ ತಿಳಿಯೋದೇ ಇಲ್ಲ. ನಾವು ಚಿಕ್ಕವರಿದ್ದಾಗ ಮೆಣಸಿನಕಾಯಿ ತಿಂದರೆ ನಾಲಿಗೆ ತಿರುಗಿ ಗಿಳಿ ಮಾತಾಡುತ್ತೆ ಅಂತ ನಂಬಿದ್ದೆವು. ಕೊಡಬಾರದ್ದು ಬೆಣ್ಣೆಹಣ್ಣು, ಚಾಕಲೇಟು, ಮತ್ತೆ, ಇದು ಆ ಮನೆಯಲ್ಲಿ ದೊಡ್ಡ ಜೋಕು, ಕಾಫಿ. ಕೆಫೀನು ಗಿಳಿಯ ಹೃದಯಕ್ಕೆ ವಿಷ. ಬೆಣ್ಣೆಹಣ್ಣಿನ ಮರ ಅಂಗಳದಲ್ಲಿ, ಕಾಫಿ ಮನೆ ಸುತ್ತ! ನಾನ್‌ಸ್ಟಿಕ್ ಪಾತ್ರೆ ಖಾಲಿ ಕಾದು ಹೊಗೆಯಾಡಿದರೆ ಪಕ್ಕದ ಕೋಣೆಯ ಹಕ್ಕಿ ನಿಮಿಷಗಳಲ್ಲಿ ಸಾಯಬಹುದು, ಹಾಗಾಗಿ ಅವರ ಮನೆ ದೋಸೆ ಮತ್ತೆ ಕಬ್ಬಿಣದ ಹಂಚಿಗೆ ಬಂದಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಕ. 430 ಗ್ರಾಂ, 428, 431, ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ. ಹಕ್ಕಿಗಳು ರೋಗ ಮುಚ್ಚಿಡುತ್ತವೆ. ಕಾಡಲ್ಲಿ ಸೊರಗಿದ ಹಕ್ಕಿಯೇ ಗಿಡುಗನ ಕಣ್ಣಿಗೆ ಮೊದಲು ಬೀಳೋದು. ಅದಕ್ಕೇ ನಮ್ಮ ಕಣ್ಣಿಗೆ ಕಾಣುವಷ್ಟು ಸಪ್ಪಗಾಗುವ ಹೊತ್ತಿಗೆ ತಡವಾಗಿರುತ್ತೆ, ತೂಕ ಮೊದಲೇ ಹೇಳುತ್ತೆ.

ಇಷ್ಟೆಲ್ಲ ಇದ್ದೂ ಎರಡು ವರ್ಷದ ಹಿಂದೆ ಗಿಳಿ ಎದೆಯ ಪುಕ್ಕ ಕಿತ್ತುಕೊಳ್ಳೋಕೆ ಶುರುಮಾಡಿತು. ಎದೆ, ತೊಡೆ, ರೆಕ್ಕೆಯ ಒಳಗೆ. ತಲೆ ಮಾತ್ರ ನೀಟಾಗಿ ಹಾಗೇ ಇತ್ತು, ಯಾಕಂದ್ರೆ ತಲೆಗೆ ಅದರ ಕೊಕ್ಕು ಎಟುಕೋದಿಲ್ಲ. ಮೈಯೆಲ್ಲ ಬೋಳು, ಮೇಲೆ ಚಂದದ ತಲೆ. ನೋಡೋಕೆ ಆಗ್ತಿರಲಿಲ್ಲ. ಊರಲ್ಲಿ ಇರೋದು ದನದ ಡಾಕ್ಟ್ರು, ಅವರು ಪ್ರಾಮಾಣಿಕವಾಗಿ "ಇದು ನನ್ನ ಕೈಲಿ ಆಗೋದಲ್ಲ" ಅಂದರು. ಬೆಂಗಳೂರಿಗೆ ತಂದರು, ನಮ್ಮ ಮನೆಯಲ್ಲೇ ಉಳಿದರು. ಚರ್ಮ, ರಕ್ತ, ಲಿವರ್ ಎಲ್ಲ ಪರೀಕ್ಷೆ. ಪಂಜರದ ಜಾಲರಿಯ ಸತು ಹೊಟ್ಟೆಗೆ ಹೋಗಿದೆಯಾ ಅಂತಲೂ ನೋಡಿದರು, ಗ್ಯಾಲ್ವನೈಸ್ಡ್ ತಂತಿ ಕಚ್ಚಿ ಕಚ್ಚಿ ಹಾಗಾಗೋದುಂಟು. ಏನೂ ಇಲ್ಲ. ಕೊನೆಗೆ ಹಕ್ಕಿಯ ಡಾಕ್ಟರು ಕೇಳಿದ್ದು ಒಂದೇ, "ದಿನಾ ಇದು ಏನು ಮಾಡುತ್ತೆ?"

ದೊಡ್ಡಪ್ಪ "ಮಾತಾಡುತ್ತೆ" ಅಂದರು.

"ಅದು ನಿಮಗೋಸ್ಕರ. ಅದಕ್ಕೋಸ್ಕರ?"

ನಮ್ಮ ಕೆಲಸದಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ರಾತ್ರಿ ಎರಡು ಗಂಟೆಗೆ ಅಲರ್ಟ್ ಹೊಡೆದುಕೊಂಡರೆ ಕೆಲವರು ಸಿಸ್ಟಮ್ ನೋಡೋ ಬದಲು ಅಲರ್ಟನ್ನೇ ಮ್ಯೂಟ್ ಮಾಡಿ ಮಲಗುತ್ತಾರೆ. ಪುಕ್ಕ ಕೀಳುವ ಗಿಳಿಯ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕೋದು, ಕಿರುಚಿದರೆ ಬಟ್ಟೆ ಮುಚ್ಚೋದು, ಕಚ್ಚಿದರೆ 'ಬಿಹೇವಿಯರ್ ಪ್ರಾಬ್ಲಮ್' ಅನ್ನೋದು ಬಹಳ ಸಲ ಇದೇ ಕೆಲಸ. ಗಾಯ ಆಳವಾಗಿದ್ದಾಗ ಕಾಲರ್ ಬೇಕಾಗಬಹುದು, ಆ ಮಾತು ಬೇರೆ. ಆದರೆ ಕಾಡಿನ ಗಿಳಿಗಳಲ್ಲಿ ಈ ಚಾಳಿ ಕಾಣೋದೇ ಇಲ್ಲ ಅನ್ನಬಹುದು. ಹಾಗಾದ್ರೆ ಪ್ರಾಬ್ಲಮ್ ಯಾರದ್ದು? ನಾವು ಕಲಿಸಿದ ಮಾತೆಲ್ಲ ಗಿಳಿಪಾಠ. ಬಾ, ಹೋಗು, ಊಟ ಆಯ್ತಾ. ಅದು ತಾನಾಗಿಯೇ ಆಡಿದ ಒಂದೇ ಒಂದು ಮಾತು ಆ ಬೋಳು ಎದೆ.

ಇದನ್ನು ಭಾವುಕತೆ ಅಂತ ತಳ್ಳಿಹಾಕಬೇಡಿ. ಅಮೆರಿಕದ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ತಂದ ಅಲೆಕ್ಸ್ ಅನ್ನುವ ಗ್ರೇ ಗಿಳಿ ನೂರಕ್ಕೂ ಹೆಚ್ಚು ಪದ ಕಲಿತಿತ್ತು. ಬಣ್ಣ, ಆಕಾರ, ಆರರವರೆಗಿನ ಎಣಿಕೆ ಗುರುತಿಸುತ್ತಿತ್ತು, ಎರಡು ವಸ್ತುಗಳಲ್ಲಿ ಏನು ವ್ಯತ್ಯಾಸ ಅಂದರೆ ಹೇಳುತ್ತಿತ್ತು. 2007ರಲ್ಲಿ 31ನೇ ವಯಸ್ಸಿಗೆ ತೀರಿಕೊಂಡಿತು. ನನಗೆ ಅದಕ್ಕಿಂತ ಹೆಚ್ಚು ತಟ್ಟಿದ್ದು 2020ರ ಒಂದು ಪ್ರಯೋಗ. ಎರಡು ಗ್ರೇ ಗಿಳಿಗಳು ಅಕ್ಕಪಕ್ಕ. ಒಂದರ ಹತ್ತಿರ ಬಿಲ್ಲೆಗಳಿವೆ, ಕೊಟ್ಟು ತಿಂಡಿ ಪಡೆಯುವ ಅವಕಾಶ ಇಲ್ಲ. ಪಕ್ಕದ್ದಕ್ಕೆ ಅವಕಾಶ ಇದೆ, ಬಿಲ್ಲೆ ಇಲ್ಲ. ತನಗೇನೂ ಸಿಗದಿದ್ದರೂ ಮೊದಲನೆಯದು ಬಿಲ್ಲೆಗಳನ್ನು ಪಕ್ಕಕ್ಕೆ ದಾಟಿಸಿತು. ಇಂಥ ಜೀವವನ್ನು ಒಂಟಿಯಾಗಿ ಕೂರಿಸಿ, ನಮ್ಮ ಒಂಟಿತನ ಕಳೆಯಪ್ಪಾ ಅನ್ನುವುದಿದೆಯಲ್ಲ, ಇದು ಯಾವ ನ್ಯಾಯ?

ಕಾಡಲ್ಲಾದ್ರೆ ಹದ್ದು ಹಿಡೀತಿತ್ತು, ಇಲ್ಲಿ ಊಟ ಇದೆ, ನೆರಳಿದೆ, ಇನ್ನೇನು ಬೇಕು ಅಂತ ಕೇಳುವವರಿದ್ದಾರೆ. ಊಟ, ಮನೆ ಕೊಟ್ಟಿದ್ದೀವಲ್ಲ ಇನ್ನೇನು ಅನ್ನುವ ಈ ಮಾತನ್ನು ನಮ್ಮ ತೋಟಗಳ ಕಡೆ ಲೈನ್‌ಮನೆಯವರ ಬಗ್ಗೆಯೂ ಕೇಳಿ ಬೆಳೆದಿದ್ದೇನೆ. ಯಾವಾಗಲೂ ಕೊಟ್ಟವರ ಬಾಯಲ್ಲೇ ಕೇಳಿದ್ದು.

ಹಾಗಂತ ಬಾಗಿಲು ತೆಗೆದು ಬಿಟ್ಟುಬಿಡಿ ಅಂತಲ್ಲ. ಮಲೆನಾಡಿನ ಕಾಡಿಗೆ ಬಿಟ್ಟರೆ ಅದಕ್ಕೆ ಯಾವ ಹಣ್ಣು ತಿನ್ನಬೇಕು, ಯಾರಿಗೆ ಹೆದರಬೇಕು ಒಂದೂ ಗೊತ್ತಿಲ್ಲ, ಅದರ ಜಾತಿಯ ಇನ್ನೊಂದು ಹಕ್ಕಿ ಈ ಬೆಟ್ಟಗಳಲ್ಲಿಲ್ಲ. ತನ್ನ ರೋಗವನ್ನು ನಮ್ಮ ಗಿಳಿಗಳಿಗೆ ಹಂಚಲೂಬಹುದು. ವಾಪಸ್ ಕಳಿಸುವ ದಾರಿ ಮುಚ್ಚಿದ ಮೇಲೆ ಉಳಿಯೋದು ಋಣ. ಪ್ರೀತಿಯಲ್ಲಿ ಇನ್ನೊಬ್ಬರು ವಾಪಸ್ ಪ್ರೀತಿಸಲಿ ಅನ್ನೋ ಆಸೆ ಇರುತ್ತೆ. ಸಾಲ ತೀರಿಸುವಾಗ ಹಾಗೆ ಕೇಳೋಕಾಗಲ್ಲ. ಗಿಳಿ ಮಾತಾಡಲಿ ಬಿಡಲಿ, ಕೈ ಮೇಲೆ ಕೂರಲಿ ಕಚ್ಚಲಿ, ಕೊಡಬೇಕಾದ್ದನ್ನು ಕೊಡುತ್ತಿರಬೇಕು.

ದೊಡ್ಡಪ್ಪನ ಮನೆಯಲ್ಲಿ ಈಗ ಹಾಗೇ ನಡೆದಿದೆ. ಊಟ ಬಟ್ಟಲಲ್ಲಿಲ್ಲ. ರಟ್ಟಿನ ಪೆಟ್ಟಿಗೆ, ತೆಂಗಿನ ಚಿಪ್ಪು, ಸೀಬೆ ಕೊಂಬೆಗಳ ಸಂದಿಯಲ್ಲಿ ಬಚ್ಚಿಟ್ಟಿರುತ್ತಾರೆ, ಹುಡುಕಿ, ಸಿಗಿದು, ಚೂರು ಮಾಡಿ ತಿನ್ನಬೇಕು. ಕಾಫಿ ಕಣದ ಪಕ್ಕದ ಹಳೇ ಕೊಟ್ಟಿಗೆಗೆ ಬಲೆ ಕಟ್ಟಿ ಹಾರಾಡಲು ಜಾಗ ಮಾಡಿದ್ದಾರೆ. ಸಂಜೆ ಏಳಕ್ಕೆ ಟಿವಿ ಬಂದ್, ಹನ್ನೆರಡು ಗಂಟೆ ಅದಕ್ಕೆ ಕತ್ತಲು, ನಿದ್ದೆ. ಪುಕ್ಕ ಪೂರ್ತಿ ಬಂದಿಲ್ಲ. ಕೆಲವು ಬುಡ ಸತ್ತಿವೆ, ಇನ್ನು ಬರಲ್ಲವಂತೆ. ಮಾತೂ ಕಮ್ಮಿಯಾಗಿದೆ. ದೊಡ್ಡಪ್ಪನಿಗೆ ಅದರ ಬಗ್ಗೆ ಬೇಜಾರಿಲ್ಲ, "ಅದ್ಕೆ ಕೆಲ್ಸ ಐತೆ ಮಾರಾಯ, ಮಾತಾಡೋಕೆ ಪುರುಸೊತ್ತಿಲ್ಲ" ಅನ್ನುತ್ತಾರೆ.

ಲೆಕ್ಕ ಕೂಡದಿರೋದು ವಯಸ್ಸಿನ ವಿಷಯದಲ್ಲಿ. ದೊಡ್ಡಪ್ಪನಿಗೆ 71. ಗಿಳಿಗೆ ಏಳು. ಚೆನ್ನಾಗಿ ನೋಡಿಕೊಂಡರೆ ಇನ್ನೂ ನಲವತ್ತು ವರ್ಷ ಬದುಕುವ ಹಕ್ಕಿ. ತಂದುಕೊಟ್ಟವನು ಹೊರದೇಶದಿಂದ ಬರುವ ಸೂಚನೆಯಿಲ್ಲ, ಅವನ ತಂಗಿಗೆ ಉಬ್ಬಸ, ಗ್ರೇ ಗಿಳಿಯ ಮೈಯಿಂದ ಸದಾ ಉದುರುವ ಬಿಳಿ ಪುಡಿ ಅವಳಿಗಾಗದು. ಹೋದ ಸಲ ಹೋದಾಗ ದೊಡ್ಡಪ್ಪ ಗಿಳಿಯ ನೋಂದಣಿ ಕಾಗದ ತೋರಿಸಿ ಕೇಳಿದರು, "ನಮ್ ಕಾಲ ಆದ್ಮೇಲೆ ನೀನು ಇಟ್ಕಂತೀಯೇನೋ?"

ನನಗೀಗ 36. ಅಂದ್ರೆ ನನ್ನ ಎಪ್ಪತ್ತಾರರವರೆಗೆ. ಮೂರನೇ ಮಹಡಿಯ ಎರಡು ಬೆಡ್‌ರೂಮು, ಗ್ರಿಲ್ ಹಾಕಿದ ಬಾಲ್ಕನಿ, ರಾತ್ರಿ ಹತ್ತರ ಕಾಲ್‌ಗಳು, ಗೋಡೆಯಾಚೆ ಸದ್ದಿಗೆ ಸಿಡುಕುವ ಅಕ್ಕಪಕ್ಕದವರು. ಹೂಂ ಅನ್ನೋದು ಸುಲಭವಿತ್ತು, ಹಿರಿಯರ ಮನಸ್ಸಿಗೆ ಸಮಾಧಾನ ಆಗುತ್ತಿತ್ತು. ಆದರೆ ಅದು ಗಿಳಿಯ ಬಾಕಿ, ದೊಡ್ಡಪ್ಪನಿಗೆ ಸಮಾಧಾನ ಹೇಳಿ ಅದನ್ನು ತೀರಿಸೋಕಾಗಲ್ಲ. "ಕಾಫಿ ಕೊಯ್ಲು ಮುಗಿದ ಮೇಲೆ ಹತ್ತು ದಿನ ರಜಾ ಹಾಕಿ ಬರ್ತೀನಿ ದೊಡ್ಡಪ್ಪ. ತೂಕ, ಊಟ, ಕ್ಲೀನಿಂಗು ಎಲ್ಲ ನಾನೇ ಮಾಡ್ತೀನಿ, ನೀವಿಬ್ರೂ ಮುಟ್ಟಬಾರ್ದು. ಆಮೇಲೆ ಹೇಳ್ತೀನಿ" ಅಂದೆ. ಫೆಬ್ರುವರಿಗೆ ರಜಾ ಹಾಕಿದ್ದೇನೆ. ಹಕ್ಕಿಗೂ ನಾನು ಹಿಡಿಸಬೇಕಲ್ಲ.