ಚೌಕಟ್ಟಿಗೆ ಬಾರದವರು

ಇದ್ದದ್ದನ್ನು ಇದ್ದ ಹಾಗೆ ಹೇಳಲು ಫೋಟೊಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎನ್ನುವುದು ಲೋಕರೂಢಿಯ ಮಾತು. ಫೋಟೊ ತೆಗೆಯಲು ಕಲಿಸುವ ಮೇಷ್ಟ್ರು ಮಾತ್ರ ಮೊದಲ ದಿನವೇ ಹೇಳುವುದು, 'ಏನನ್ನು ಬಿಡಬೇಕು ಅಂತ ಮೊದಲು ನೋಡಿ' ಎಂದು. ಮಗ ಹೊಸ ಮೊಬೈಲು ಕೊಂಡ ಮೇಲೆ ಮೂಲೆ ಸೇರಿದ್ದ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ನಾನು ಹತ್ತು ಭಾನುವಾರ ಇಂಥ ತರಗತಿಗೆ ಹೋದೆ. ಮೇಷ್ಟ್ರಿಗೆ ನನ್ನ ಮಗನ ವಯಸ್ಸು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವಳಿಗೆ ಬೆಂಚಿನ ಮೇಲೆ ಕೂರುವುದು ಸುಖವಾಗಿಯೇ ಇತ್ತು.

ಎರಡು ಅಡ್ಡಗೆರೆ, ಎರಡು ಉದ್ದಗೆರೆ ಎಳೆದು ಚೌಕಟ್ಟನ್ನು ಒಂಬತ್ತು ಮನೆ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯವಾದದ್ದನ್ನು ಇಡಬೇಕಂತೆ. ಕ್ಯಾಮೆರಾ ಹುಟ್ಟುವ ಮುಂಚೆಯೇ, 1797ರಲ್ಲಿ, ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಈ ಮೂರನೇ ಒಂದರ ನಿಯಮವನ್ನು ಬರೆದಿಟ್ಟಿದ್ದ. ರಂಗೋಲಿಯ ಚುಕ್ಕಿ ಎಣಿಸಿದ ಕೈಗೆ ಇದೇನು ಕಷ್ಟವಲ್ಲ. ತಲೆ ತಿಂದದ್ದು ಅಪರ್ಚರ್. ಕಂಡಿ ದೊಡ್ಡದಾದಷ್ಟೂ ಅಂಕಿ ಚಿಕ್ಕದು. ಎಫ್ 2.8ಕ್ಕೆ ತಿರುಗಿಸಿ ಹತ್ತಿರದಿಂದ ತೆಗೆದರೆ ಮುಖ ಸ್ಪಷ್ಟ, ಹಿಂದಿನದೆಲ್ಲ ಕರಗಿದ ಬೆಣ್ಣೆ. ಎಫ್ 11ಕ್ಕೆ ಹೋದರೆ ಹಿಂದಿನ ಗೋಡೆ, ಗೋಡೆಯ ಪೋಸ್ಟರು ಎಲ್ಲವೂ ಹಾಜರು. ಇದು ಭಿನ್ನರಾಶಿಯ ಲೆಕ್ಕ ಎಂದು ತಿಳಿದ ಮೇಲೆ ಒಗಟು ಬಿಡಿಸಿತು.

ಆರನೇ ಭಾನುವಾರ ಸಂತೆಗೆ ಹೋದೆವು. ಚರಂಡಿಯ ಪಕ್ಕ ಗೋಣಿ ಹಾಸಿ ದಂಟಿನ ಸೊಪ್ಪು ಮಾರುತ್ತಿದ್ದ ಅಜ್ಜಿಯ ಸುತ್ತ ನಮ್ಮವರೆಲ್ಲ ಮುಗಿಬಿದ್ದರು. ಓರೆ ಬಿಸಿಲಿನಲ್ಲಿ ಸುಕ್ಕು ಬಹಳ ಚೆನ್ನಾಗಿ ಬರುತ್ತದಂತೆ. ಎಫ್ 2.8ರಲ್ಲಿ ಚರಂಡಿ ಕರಗಿ ಬರಿಯ ಬಣ್ಣವಾಯಿತು. 'ಸೊಪ್ಪು ತಗೊಳವ್ವ, ಮುಖ ಯಾಕೆ?' ಎಂದು ಅಜ್ಜಿ ನನ್ನನ್ನು ಕೇಳಿದಳು. ಎರಡು ಕಟ್ಟು ಕೊಂಡೆ. ಚರಂಡಿ ಕರಗಿಸಿದರೆ ಅಜ್ಜಿ ಒಂದು ಸುಂದರ ಚಿತ್ರ, ಉಳಿಸಿಕೊಂಡರೆ ಪುರಸಭೆಯ ಮೇಲಿನ ದೂರು. ಅವಳಿಗೆ ಬೇಕಿದ್ದದ್ದು ಸೊಪ್ಪು ಖರ್ಚಾಗುವುದು.

ತರಗತಿಯಲ್ಲಿ ತೋರಿಸಿದ ಚಿತ್ರಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಚಿತ್ರ. ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರ. ಇಬ್ಬರು ಮಕ್ಕಳು ತಾಯಿಯ ಭುಜಕ್ಕೆ ಮುಖ ಮರೆಸಿಕೊಂಡಿದ್ದಾರೆ, ಮಡಿಲಲ್ಲಿ ಕೂಸು, ತಾಯಿ ಕೆನ್ನೆಗೆ ಕೈಯಿಟ್ಟು ಎಲ್ಲೋ ನೋಡುತ್ತಿದ್ದಾಳೆ. ಲ್ಯಾಂಗ್ ಅಲ್ಲಿ ಹಲವು ಚಿತ್ರ ತೆಗೆದರು. ದೂರದವುಗಳಲ್ಲಿ ದೊಡ್ಡ ಮಗಳೂ ಇದ್ದಾಳೆ. ಹೆಸರಾದ ಚಿತ್ರದಲ್ಲಿ ಅವಳಿಗೆ ಜಾಗವಿಲ್ಲ. ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದು ಮೂಲೆಯಲ್ಲಿ ಅಡ್ಡ ಬಂದಿತ್ತು, ಕೆಲ ವರ್ಷದ ನಂತರ ಅದನ್ನೂ ತಿದ್ದಿ ಮರೆಸಿದರು. ಚಿತ್ರ ಪತ್ರಿಕೆ ಸೇರಿತು, ಬಿಡಾರಕ್ಕೆ ಸರ್ಕಾರ ಆಹಾರ ಕಳಿಸಿತು. ಅಷ್ಟರಲ್ಲಿ ಆ ಸಂಸಾರ ಅಲ್ಲಿಂದ ಹೊರಟಾಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೇನೂ ದಕ್ಕಲಿಲ್ಲ ಎಂದೇ ಆಕೆ ಹೇಳಿದ್ದು. ಲ್ಯಾಂಗ್ ಅಂದು ಆಕೆಯ ಹೆಸರನ್ನೂ ಕೇಳಿರಲಿಲ್ಲ. ಹಸಿದವರಿಗೆ ಊಟ ಬಂತಲ್ಲ, ಹೆಸರು ಕೇಳದಿದ್ದರೇನು ಎನ್ನುವವರಿಗೆ ನಾನು ತಟ್ಟನೆ ಉತ್ತರ ಹೇಳಲಾರೆ.

ಇದು ದೂರದ ಕಥೆಯಲ್ಲ. ನಮ್ಮ ಶಾಲೆಗೆ ಪ್ರತಿ ಜೂನ್‌ನಲ್ಲಿ ದಾನಿಗಳು ನೋಟ್ ಬುಕ್ಕು ಕೊಡುತ್ತಾರೆ. ಅವರು ಜಗಲಿಯ ಮೇಲೆ, ಮಕ್ಕಳು ಕೆಳಗೆ ಸಾಲಾಗಿ ಕೈಯೊಡ್ಡಿ, ಫೋಟೊ ಮೇಲಿನಿಂದ. ಮೇಲಿನಿಂದ ತೆಗೆದರೆ ಮನುಷ್ಯ ಕುಗ್ಗುತ್ತಾನೆ, ಕೆಳಗಿನಿಂದ ತೆಗೆದರೆ ಹಿಗ್ಗುತ್ತಾನೆ ಎಂಬುದು ನಮಗೆ ಮೂರನೇ ಭಾನುವಾರದ ಪಾಠ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳಲ್ಲಿ ನಾನು ನೋಡಿದಷ್ಟರಲ್ಲಿ ಮಕ್ಕಳು ತಮ್ಮ ಪಾಡಿಗೆ ಏನೋ ಮಾಡುತ್ತಿರುತ್ತಾರೆ, ಯಾರ ಮುಂದೆಯೂ ಕೈ ಚಾಚಿರುವುದಿಲ್ಲ. ಈ ವರ್ಷ ಮುಖ್ಯೋಪಾಧ್ಯಾಯರು 'ಕ್ಯಾಮೆರಾ ನಿಮ್ಮ ಹತ್ತಿರವೇ ಇದೆಯಲ್ಲ ಮೇಡಂ' ಎಂದರು. ನಾನು ನೆರಿಗೆ ಎತ್ತಿ ಸಿಕ್ಕಿಸಿ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಮಕ್ಕಳು ಹೊಸ ಪುಸ್ತಕದ ಮೇಲೆ ತಮ್ಮ ಹೆಸರು ಬರೆಯುವುದನ್ನು ತೆಗೆದೆ.

ದಾನಿಗಳ ಕಡೆಯಿಂದ ಫೋನು ಬಂತು. 'ಚೆನ್ನಾಗಿದೆ ಮೇಡಂ, ಆದರೆ ನಾವು ಕೊಟ್ಟದ್ದು ಕಾಣೋದಿಲ್ಲವಲ್ಲ?' ಕೆಟ್ಟ ಮನುಷ್ಯರಲ್ಲ ಅವರು. ಹತ್ತಾರು ಮಂದಿಯ ಹತ್ತಿರ ಕೂಡಿಸಿದ ಹಣ, ಲೆಕ್ಕ ತೋರಿಸಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ನಾನು ತರಗತಿಯಲ್ಲಿ ಹೇಳಬಹುದು, ಅದರಿಂದ ಬರುವ ಜೂನ್‌ಗೆ ಪುಸ್ತಕ ಬಾರದು. ಮಗುವಿನ ಮುಖ ನೋಟ್ ಬುಕ್ಕಿನ ಬೆಲೆಯಲ್ಲ ಎಂಬುದು ನನ್ನ ಗಟ್ಟಿ ನಿಲುವು. ಆದರೆ ಆ ನಿಲುವಿನ ಖರ್ಚು ಬೀಳುವುದು ನನ್ನ ಸಂಬಳದ ಮೇಲಲ್ಲ, ಮಕ್ಕಳ ಚೀಲದ ಮೇಲೆ.

ಹಾಗಾಗಿ ಏಳನೇ ತರಗತಿಯವರನ್ನೇ ಕೇಳಿದೆ. 'ಪೇಪರಲ್ಲಿ ಬರುತ್ತಾ ಮಿಸ್? ನಾನು ಮುಂದೆ ನಿಲ್ತೀನಿ' ಎಂದ ಒಬ್ಬ. ಅವನಿಗೆ ಮಾನದ ಮಾತು ಹೇಳಲು ನಾನು ಯಾರು! ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ನಂದು ಬೇಡ ಮಿಸ್, ನಮ್ಮ ಮಾವನ ಮಗಳು ನೋಡಿಬಿಡ್ತಾಳೆ' ಎಂದಳು. ಫೋಟೊಗೆ ನಿಲ್ಲುವವರು ಕೈ ಎತ್ತಿ ಎಂದೆ. 28 ಮಂದಿಯಲ್ಲಿ 11 ಕೈ ಮೇಲೆ ಹೋದವು.

ಆ ಹನ್ನೊಂದು ಮಂದಿಯನ್ನು ನಿಲ್ಲಿಸಿ ಇನ್ನೊಂದು ಫೋಟೊ ತೆಗೆಯುತ್ತೇನೆ, ಆದರೆ ಕೊಡುವವರು ಜಗಲಿಯಿಂದ ಇಳಿದು ಮಕ್ಕಳ ಪಕ್ಕದಲ್ಲಿ ನಿಲ್ಲಬೇಕು ಎಂದು ಫೋನಿನಲ್ಲಿ ಹೇಳಿದ್ದೇನೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.