ಸಾಮರ್ಥ್ಯವೂ ಸುಲಭತೆಯೂ

ದೂರದ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಗನೊಬ್ಬನು, ಊರಿನಲ್ಲಿರುವ ವೃದ್ಧ ತಾಯಿಗೆ ಹಾಡು ಕೇಳುವ ಸಣ್ಣ ಯಂತ್ರವೊಂದನ್ನು ಕೊಳ್ಳಲು ಅಂಗಡಿಗೆ ಹೋದನೆಂದು ಇಟ್ಟುಕೊಳ್ಳಬಹುದು. ಅವನ ಮುಂದೆ ಎರಡು ಯಂತ್ರಗಳಿವೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ಒಂದರಲ್ಲಿ ಹಾಡು ಹಾಕಲು ಒಂದು ಗುಂಡಿ, ನಿಲ್ಲಿಸಲು ಒಂದು ಗುಂಡಿ, ಧ್ವನಿಯನ್ನು ಏರಿಸಿ ಇಳಿಸಲು ಒಂದು ತಿರುಗಣೆ, ಇಷ್ಟೇ. ಮತ್ತೊಂದರಲ್ಲಿ ರೇಡಿಯೊ ಉಂಟು, ಗಡಿಯಾರ ಉಂಟು, ಧ್ವನಿಮುದ್ರಣದ ಏರ್ಪಾಡು ಉಂಟು, ಚಿತ್ರ ತೋರುವ ಪರದೆಯೂ ಉಂಟು. ಮಗನು ಎರಡನೆಯದನ್ನೇ ಕೊಳ್ಳುವನು. ಆರು ತಿಂಗಳಾದ ಮೇಲೆ ಅವನು ಊರಿಗೆ ಬಂದಾಗ ಆ ಯಂತ್ರವು ಗೋಡೆಯ ಗೂಡಿನಲ್ಲಿ ಬಟ್ಟೆ ಹೊದ್ದು ಕುಳಿತಿರುತ್ತದೆ. ಕೆಟ್ಟುಹೋಯಿತೆ ಎಂದು ಕೇಳಿದರೆ, "ಇಲ್ಲಪ್ಪ, ಚೆನ್ನಾಗಿಯೇ ಇದೆ. ಪಕ್ಕದ ಮನೆಯ ಹುಡುಗ ಬಂದಾಗ ಹಾಕಿಕೊಡುತ್ತಾನೆ" ಎಂದು ತಾಯಿಯು ಉತ್ತರ ಕೊಡುವಳು.

ಈ ಉತ್ತರದಲ್ಲಿ ದೂರಿಲ್ಲ. ಆದರೂ ವಿಚಾರಮಾಡತಕ್ಕ ವಿಷಯವಿರುವುದು ಇದರಲ್ಲಿಯೇ. ಯಂತ್ರವು ಆಕೆಯ ಕೈಗೆ ಬಂದಿತು. ಸಂಗೀತವು ಆಕೆಯ ವಶಕ್ಕೆ ಬರಲಿಲ್ಲ. ಒಂದು ಹಾಡು ಕೇಳಬೇಕಾದರೆ ಮತ್ತೊಬ್ಬರ ಬಿಡುವನ್ನು ಕಾಯಬೇಕು, ಅವರ ಮುಖವನ್ನು ನೋಡಬೇಕು, ಎರಡನೆಯ ಸಲ ಕೇಳಲು ಸಂಕೋಚಪಡಬೇಕು. ಸುಲಭತೆಯೆಂದರೆ ಸೋಮಾರಿಗಳಿಗೆ ಬೇಕಾದ ಸುಖವೆಂದು ತಿಳಿದಿರುವವರು ಈ ಸಂಕೋಚವನ್ನು ಗಮನಿಸಿದಂತೆ ತೋರುವುದಿಲ್ಲ. ಹಲವು ಕೆಲಸಗಳನ್ನು ಮಾಡಬಲ್ಲೆನೆಂಬುದು ಒಂದು ಬಗೆಯ ಸ್ವಾತಂತ್ರ್ಯ. ಒಂದೇ ಕೆಲಸವನ್ನಾದರೂ ಯಾರನ್ನೂ ಬೇಡದೆ ಮಾಡಿಕೊಳ್ಳಬಲ್ಲೆನೆಂಬುದು ಇನ್ನೊಂದು ಬಗೆಯದು.

ಹಾಗಾದರೆ ಮಗನು ತಪ್ಪಿದುದೆಲ್ಲಿ? ಪ್ರೀತಿಯಲ್ಲಿ ಅಲ್ಲ. ಕೊಳ್ಳುವ ಗಳಿಗೆಯಲ್ಲಿ ಮನುಷ್ಯನಿಗೆ ಕಾಣುವುದು ಯಂತ್ರದ ಗುಣಗಳ ಪಟ್ಟಿ. ಅದನ್ನು ಬಳಸುವ ದಿನಗಳು ಕಾಣುವುದಿಲ್ಲ. ರೋಲಂಡ್ ರಸ್ಟ್, ಡೆಬೊರಾ ಥಾಂಪ್ಸನ್, ರೆಬೆಕ್ಕಾ ಹ್ಯಾಮಿಲ್ಟನ್ ಎಂಬ ಮೂವರು ಅಮೆರಿಕದ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಪರಿಶೋಧನೆಯೂ ಇದನ್ನೇ ತೋರಿಸಿತು. ಬಳಸುವುದಕ್ಕೆ ಮುಂಚೆ ಜನರು ಸಾಮರ್ಥ್ಯಕ್ಕೆ ಹೆಚ್ಚು ಬೆಲೆ ಕೊಡುವರು. ಬಳಸಿದ ಮೇಲೆ ಸುಲಭತೆಗೆ ಹೆಚ್ಚು ಬೆಲೆ ಕೊಡುವರು. ಅಂಗಡಿಯಲ್ಲಿ ನಿಂತವನೂ ಮನೆಯಲ್ಲಿ ಕುಳಿತವನೂ ಒಬ್ಬನೇ ಆದರೂ ಅವರ ಅಭಿಪ್ರಾಯ ಒಂದಲ್ಲ. ಹೀಗಿರಲು, ಕೊಳ್ಳುವವನು ಬೇರೆ, ಬಳಸುವವರು ಬೇರೆ ಆದಲ್ಲಿ ಕೇಳತಕ್ಕದ್ದೇನು! ಮೇಲಾಗಿ, ಉಡುಗೊರೆಯಲ್ಲಿ ಕೊಡುವವನ ಅಭಿಮಾನವೂ ಸ್ವಲ್ಪ ಸೇರಿಕೊಂಡಿರುತ್ತದೆ. ಗುಣಗಳು ಹೆಚ್ಚಿದಷ್ಟೂ ತನ್ನ ಪ್ರೀತಿಯೂ ಹೆಚ್ಚೆಂದು ತೋರಿಸಿದಂತಾಯಿತೆಂಬ ಭಾವನೆ ಅವನಿಗೆ ಅರಿಯದಂತೆಯೇ ಮನಸ್ಸಿನಲ್ಲಿ ಕೆಲಸಮಾಡುತ್ತದೆ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ತಿಳಿಸುವನು. ಸುಲಭವಾದುದೆಲ್ಲ ಪ್ರೇಯಸ್ಸು, ಕಷ್ಟವಾದುದೆಲ್ಲ ಶ್ರೇಯಸ್ಸು ಎಂದು ಈ ಮಾತಿಗೆ ಅರ್ಥಮಾಡುವುದು ರೂಢಿಯಾಗಿದೆ. ಈ ವಿಷಯದಲ್ಲಿ ಆ ಅರ್ಥವು ತಲೆಕೆಳಗಾಗುತ್ತದೆ. ಇಲ್ಲಿ ಮನಸ್ಸನ್ನು ಮೊದಲು ಸೆಳೆಯುವುದು ಕಷ್ಟವಾದ ಯಂತ್ರವೇ. ವೀಣೆಯೂ ಕಷ್ಟವಾದುದಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ವೀಣೆಯ 24 ಮೆಟ್ಟಿಲುಗಳ ಮೇಲೆ ಬೆರಳು ನಡೆಯಲು ವರ್ಷಗಳೇ ಬೇಕು. ಆದರೆ ಆ ಕಷ್ಟವು ಸಂಗೀತದೊಳಗಿನ ಕಷ್ಟ. ಅದರಲ್ಲಿ ಕಳೆದ ಒಂದೊಂದು ದಿನವೂ ಕಿವಿಯನ್ನೂ ಕೈಯನ್ನೂ ಪಕ್ವಗೊಳಿಸುತ್ತದೆ. ಪರದೆಯ ಮೇಲಿನ ಪಟ್ಟಿಯೊಳಗೊಂದು ಪಟ್ಟಿಯನ್ನು ಹೊಕ್ಕು, ಬೇಡವಾದ ಬಾಗಿಲನ್ನು ತೆರೆದು, ಹಿಂದಕ್ಕೆ ಬರುವ ದಾರಿ ಕಾಣದೆ ನಿಲ್ಲುವ ಕಷ್ಟವು ಸಂಗೀತದ ಹೊರಗಿನದು. ಅದನ್ನು ಗೆದ್ದವನು ಏನನ್ನೂ ಕಲಿತಂತಾಗುವುದಿಲ್ಲ. ಇನ್ನೊಂದು ಯಂತ್ರ ಕೊಂಡ ದಿನ ಆ ವಿದ್ಯೆಯೂ ವ್ಯರ್ಥ.

ಯಂತ್ರ ನಿರ್ಮಿಸುವವರಲ್ಲಿ ಕೆಲವರಿಗೆ ಈ ಭೇದವು ತಿಳಿದಿತ್ತು. ಜಪಾನಿನ ಸೋನಿ ಸಂಸ್ಥೆಯು ತನ್ನ ವಾಕ್‌ಮನ್ ಯಂತ್ರವನ್ನು 1979ರ ಜುಲೈ 1ರಂದು ಮಾರಾಟಕ್ಕೆ ತಂದಿತು. ಪತ್ರಿಕಾ ವರದಿಗಾರರ ಉಪಯೋಗಕ್ಕಾಗಿ ಅದೇ ಸಂಸ್ಥೆಯು ಮಾಡಿದ್ದ ಚಿಕ್ಕ ಧ್ವನಿಮುದ್ರಕವೇ ಅದಕ್ಕೆ ಮೂಲ. ಅದರಿಂದ ಮುದ್ರಿಸುವ ಶಕ್ತಿಯನ್ನು ತೆಗೆದುಹಾಕಿ, ಕಿವಿಗೆ ಹಗುರವಾದ ಹೆಡ್‌ಫೋನ್ ಕೊಟ್ಟರು. ಮುದ್ರಿಸಲಾರದ ಟೇಪ್ ಯಂತ್ರವನ್ನು ಯಾರು ಕೊಂಡಾರೆಂದು ಸಂಸ್ಥೆಯೊಳಗೇ ಅನೇಕರು ಸಂದೇಹಪಟ್ಟರು; ಅಧ್ಯಕ್ಷನಾದ ಅಕಿಯೊ ಮೊರಿಟ ಹಟಹಿಡಿದು ನಡೆಸಿದನು. ಜನರು ಅದನ್ನು ಕೊಂಡರೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಆದರೆ ಅದೇ ಯಂತ್ರದಲ್ಲಿ ಕಿತ್ತಳೆಬಣ್ಣದ ಗುಂಡಿಯೊಂದೂ ಇತ್ತು. ಅದನ್ನು ಒತ್ತಿದರೆ ಹಾಡಿನ ಧ್ವನಿ ತಗ್ಗಿ, ಜೊತೆಯಲ್ಲಿ ಕೇಳುತ್ತಿರುವ ಇನ್ನೊಬ್ಬರೊಡನೆ ಮಾತನಾಡಬಹುದಾಗಿತ್ತು. ನಾಲ್ಕು ಜನರ ನಡುವೆ ಒಬ್ಬನೇ ಕಿವಿಮುಚ್ಚಿಕೊಂಡು ಕುಳಿತಿರುವುದು ಮರ್ಯಾದೆಯಲ್ಲವೆಂದು ಮೊರಿಟನೇ ಆ ಏರ್ಪಾಡನ್ನು ಬಯಸಿದ್ದನು. 1981ರ ಎರಡನೆಯ ಮಾದರಿಯಲ್ಲಿ ಅದು ಹೋಯಿತು. ಯಂತ್ರವು ಸರಳವಾಯಿತು, ಸಂತೋಷ. ಆದರೆ ಸರಳಗೊಳಿಸುವಾಗ ಕಿತ್ತುಹೋದುದು ಒಂದು ಸೌಜನ್ಯದ ಗುಂಡಿಯೆಂಬುದನ್ನೂ ನೆನೆಯಬೇಕು.

ತೆಗೆದುಹಾಕಿದುದೆಲ್ಲ ಸುಲಭತೆಯಾಗುವುದಿಲ್ಲ. ಆಪಲ್ ಸಂಸ್ಥೆಯ ಐಪಾಡ್ 2001ರ ಅಕ್ಟೋಬರಿನಲ್ಲಿ ಬಂದಾಗ ಅದರಲ್ಲಿ ರೇಡಿಯೊ ಇರಲಿಲ್ಲ, ಧ್ವನಿಮುದ್ರಣವಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಬಂದಿದ್ದ ಕ್ರಿಯೇಟಿವ್ ಸಂಸ್ಥೆಯ ಯಂತ್ರಕ್ಕಿಂತ ಹಾಡು ಹಿಡಿಯುವ ಸ್ಥಳವೂ ಕಡಿಮೆಯೇ. ಆದರೂ ಹೆಬ್ಬೆರಳಿನಿಂದ ತಿರುಗಿಸುವ ಒಂದು ಚಕ್ರದಿಂದ ಸಾವಿರ ಹಾಡುಗಳಲ್ಲಿ ಬೇಕಾದುದನ್ನು ಹುಡುಕಬಹುದಾಗಿತ್ತು. ಅದೇ ಸಂಸ್ಥೆಯು 2009ರಲ್ಲಿ ತನ್ನ ಐಪಾಡ್ ಶಫಲ್ ಯಂತ್ರದ ಮೈಮೇಲಿಂದ ಹಾಡು ನಡೆಸುವ ಗುಂಡಿಗಳನ್ನೆಲ್ಲ ಅಳಿಸಿ, ಅವುಗಳ ಕೆಲಸವನ್ನು ಕಿವಿಯ ತಂತಿಗೆ ವಹಿಸಿತು. ಒಂದು ಸಲ ಒತ್ತಿದರೆ ಹಾಡು ನಿಲ್ಲುವುದು, ಎರಡು ಸಲ ಒತ್ತಿದರೆ ಮುಂದಿನದು, ಮೂರು ಸಲ ಒತ್ತಿದರೆ ಹಿಂದಿನದು. ಕಣ್ಣಿಗೆ ಅದಕ್ಕಿಂತ ಸರಳವಾದ ಯಂತ್ರವಿಲ್ಲ. ಕೈಗೆ ಮಾತ್ರ ಅದು ಒಗಟು. ತಂತಿ ಕೆಟ್ಟಾಗ ಸಾಮಾನ್ಯವಾದ ಬೇರೆ ತಂತಿಯನ್ನು ಹಾಕಿದರೆ ಯಂತ್ರವನ್ನು ನಡೆಸುವ ಬಗೆಯೇ ಇಲ್ಲ. ಮರುವರ್ಷವೇ ಗುಂಡಿಗಳು ಹಿಂದಿರುಗಿದವು. ಶೂನ್ಯವಾಗಿರುವುದು ಬೇರೆ, ಕೈಗೆಟುಕುವುದು ಬೇರೆ.

ಭಾರತದಲ್ಲಿ ಸಾರೆಗಾಮ ಸಂಸ್ಥೆಯು 2017ರಲ್ಲಿ ತಂದ ಕಾರವಾನ್ ಎಂಬ ಪೆಟ್ಟಿಗೆಯು ಇನ್ನೊಂದು ಪ್ರಶ್ನೆಯನ್ನೆಬ್ಬಿಸುತ್ತದೆ. ಅದರಲ್ಲಿ ಹಳೆಯ ಹಿಂದಿ ಹಾಡುಗಳು 5000 ಮೊದಲೇ ತುಂಬಿದ್ದವು; ಹಳೆಯ ರೇಡಿಯೊದಂತಹ ರೂಪ, ಕೈಗೆ ಸಿಗುವ ತಿರುಗಣೆ. ವೃದ್ಧರ ಮನೆಗಳಲ್ಲಿ ಅದು ಆದರವನ್ನು ಪಡೆಯಿತು. ಆದರೆ ಆ 5000ವನ್ನು ಆರಿಸಿದವರು ಕೇಳುವವರಲ್ಲ. ಹಾಡನ್ನು ಹುಡುಕಿ ತುಂಬುವ ಶ್ರಮವು ತಪ್ಪಿತು, ಅದರೊಡನೆ ಆಯ್ಕೆಯ ಬಹುಭಾಗವೂ ತಪ್ಪಿತು. ಶ್ರಮವು ಎಂದಿಗೂ ನಾಶವಾಗುವುದಿಲ್ಲ, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತದೆ. ಹೊರುವವರು ಅಧಿಕಾರವನ್ನೂ ಕೊಂಚ ಹೊತ್ತೊಯ್ಯುವರು. ತನ್ನ ತಾಯಿಗೆ ಬೇಕಾದುದು ಸಿನಿಮಾದ ಹಾಡೋ, ದಾಸರ ಪದಗಳೋ ಎಂದು ಮಗನು ಕೇಳಬೇಕಾದುದು ಇದರಿಂದಲೇ.

ಕೇಳಿದಲ್ಲಿ ಉತ್ತರವು ಅವನ ಎಣಿಕೆಗೆ ಮೀರಿದುದಾಗಿರಲೂಬಹುದು. ಆಕೆಯು ಹಸೆಯ ಹಾಡುಗಳನ್ನು ಬಲ್ಲವಳಾಗಿದ್ದು, ಅವು ತನ್ನೊಡನೆ ಮುಗಿಯಬಾರದೆಂದು ಬಯಸುವವಳಾದರೆ, ಆ ಪಟ್ಟಿಯಲ್ಲಿ ವ್ಯರ್ಥವಾಗಿ ತೋರಿದ ಧ್ವನಿಮುದ್ರಣವೊಂದೇ ಆಕೆಗೆ ಬೇಕಾದ ಗುಣ. ಉಳಿದುವು ಇಲ್ಲದಿದ್ದರೂ ನಷ್ಟವಿಲ್ಲ. ಆಗ ಗೂಡಿನಲ್ಲಿರುವ ಯಂತ್ರವನ್ನೇ ಕೆಳಗಿಳಿಸಬಹುದು. ಮೊಮ್ಮಗಳು ತನ್ನ ಉಗುರಿನ ಬಣ್ಣದಿಂದ ಮುದ್ರಿಸುವ ಗುಂಡಿಯ ಮೇಲೆ ಒಂದು ಕೆಂಪು ಚುಕ್ಕಿಯನ್ನೂ, ನಿಲ್ಲಿಸುವ ಗುಂಡಿಯ ಮೇಲೆ ಎರಡು ಚುಕ್ಕಿಗಳನ್ನೂ ಇಟ್ಟುಕೊಟ್ಟರೆ, ಅಜ್ಜಿಯು ಪಕ್ಕದ ಮನೆಯ ಹುಡುಗನ ದಾರಿ ಕಾಯದೆ ಹಾಡತೊಡಗುವಳು.